ಪೂಜೆಗೆ ಮುಂಚಿನ ಎಲಚಿ ಹಣ್ಣು

ಶಾಲೆಯೊಂದು ಹೇಗಿದೆ ಎಂದು ತಿಳಿಯಬೇಕಾದರೆ ಅದರ ಆಫೀಸಿಗೆ ಹೋಗಬಾರದು, ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು ನಿಲ್ಲಬೇಕು ಎಂಬುದು ನನ್ನ ಸಿದ್ಧಾಂತ. ಮಕ್ಕಳು ಓಡಿ ಬರುತ್ತಾರೋ ಕಾಲೆಳೆದುಕೊಂಡು ಬರುತ್ತಾರೋ, ಬ್ಯಾಗು ಮಗುವಿನ ಬೆನ್ನಿನ ಮೇಲಿದೆಯೋ ಅಜ್ಜಿಯ ಹೆಗಲಿನ ಮೇಲಿದೆಯೋ, ಇಷ್ಟು ನೋಡಿದರೆ ಸಾಕು, ಒಳಗಿನ ವಿಷಯವೆಲ್ಲ ಗೊತ್ತಾಗುತ್ತದೆ. ಕೋಲ್ಕತ್ತಕ್ಕೆ ಬಂದ ಮೊದಲ ಚಳಿಗಾಲದಲ್ಲಿ ನಾನು ಹೀಗೆ ಅದೆಷ್ಟು ಗೇಟುಗಳ ಮುಂದೆ ನಿಂತೆನೋ. ಕಸ್ಬಾ ಎಂಬ ಬಡಾವಣೆಯ ಶಾಲೆಯೊಂದರ ಕಾವಲಿನವನು ಮೊದಲ ದಿನ ನನ್ನನ್ನು ಯಾರ ಮನೆಯ ಆಯಾ ಎಂದು ಕೇಳಿದ. ಎರಡನೇ ದಿನ ಏನೂ ಕೇಳದೆ ನನ್ನ ಮೇಲೆ ಒಂದು ಕಣ್ಣಿಟ್ಟು ನಿಂತ. ಮಕ್ಕಳ ಕಳ್ಳಿ ಎಂದುಕೊಂಡಿರಬೇಕು, ಪಾಪ. ಅವನ ಶಾಲೆಗೆ ಅದಕ್ಕೇ ಒಳ್ಳೆಯ ಅಂಕ ಕೊಟ್ಟೆ.

ನಾವು ಮೈಸೂರಿನವರು. ಇಲ್ಲಿಯ ಉತ್ತರ ಭಾಗದ ವಿಶ್ವವಿದ್ಯಾಲಯವೊಂದರಲ್ಲಿ ನನಗೆ ಭೌತಶಾಸ್ತ್ರ ಕಲಿಸುವ ಕೆಲಸ ಸಿಕ್ಕಿತು. ನನ್ನ ಗಂಡ ತಮ್ಮ ಕಂಪನಿಯನ್ನು ಕಾಡಿ ಬೇಡಿ ಸಾಲ್ಟ್ ಲೇಕ್ ಬಡಾವಣೆಯ ಆಫೀಸಿಗೆ ವರ್ಗ ಮಾಡಿಸಿಕೊಂಡರು. ಸದ್ಯಕ್ಕೆ ಇರಲಿ ಎಂದು ದಕ್ಷಿಣೇಶ್ವರದ ಒಂದು ಗಲ್ಲಿಯಲ್ಲಿ ಮಹಡಿ ಮನೆ ಹಿಡಿದೆವು. ಕೋಲ್ಕತ್ತದ ಅಂಚಿನಲ್ಲಿರುವ ಈ ಭಾಗ ತನ್ನ ಪಾಡಿಗೆ ತಾನೊಂದು ಪುಟ್ಟ ಊರು. ನದಿ, ದೇವಸ್ಥಾನ, ಹೂವಿನ ಅಂಗಡಿ, ಟೋಟೋ ಎಂದು ಇವರು ಕರೆಯುವ ಬ್ಯಾಟರಿ ರಿಕ್ಷಾಗಳ ಗಲಾಟೆ. ಏಪ್ರಿಲ್‌ನಲ್ಲಿ ಮಗಳು ಒಂದನೇ ತರಗತಿಗೆ ಸೇರುವ ಮೊದಲು ಎಲ್ಲಿ ನೆಲೆಯೂರುವುದು ಎಂದು ತೀರ್ಮಾನಿಸಬೇಕಿತ್ತು. ಅಲ್ಲಿಯವರೆಗೆ ಗಲ್ಲಿಯ ಮೂಲೆಯಲ್ಲೇ ಇದ್ದ ಪುಟ್ಟ ಪ್ರಾಥಮಿಕ ಶಾಲೆಗೆ ಅವಳನ್ನು ಹಾಕಿದ್ದೆವು.

ಕಷ್ಟವೇನೆಂದರೆ, ಆ ಶಾಲೆಗೆ ಸೇರಿದ ದಿನದಿಂದ ನನ್ನ ಮಗಳು ಮನೆಯ ಹೊರಗೆ ಮಾತಾಡುವುದನ್ನೇ ನಿಲ್ಲಿಸಿಬಿಟ್ಟಿದ್ದಳು.

ಮೈಸೂರಿನಲ್ಲಿ ಅವಳು ಬಾಯಿ ಮುಚ್ಚಿದರೆ ಜ್ವರ ಬಂದಿದೆಯೇನೋ ಎಂದು ಹಣೆ ಮುಟ್ಟಿ ನೋಡುತ್ತಿದ್ದೆವು. ಇಲ್ಲೂ ಮನೆಯೊಳಗೆ ಬಂದರೆ ಚಪ್ಪಲಿ ಬಿಡುವ ಮೊದಲೇ ಶುರು; ರಾತ್ರಿ ನಿದ್ದೆ ಬರುವವರೆಗೂ ನಮ್ಮ ತಲೆ ತಿನ್ನುತ್ತಿದ್ದಳು. ಹೊಸಿಲು ದಾಟಿದರೆ ಮುಗಿಯಿತು, ಬಾಯಿಗೆ ಬೀಗ. ಗಲ್ಲಿಯ ಮಕ್ಕಳು ದಿನಾ ಸಂಜೆ ಬಂದು ಕರೆಯುವರು. ಅವಳನ್ನು ಜಗಲಿಯ ಮೇಲೆ ಕೂರಿಸಿ, ಚಾಕಲೇಟ್ ಕೊಟ್ಟು, ಬೀಗರ ಕಡೆಯವಳನ್ನು ಉಪಚರಿಸುವಂತೆ ಉಪಚರಿಸಿ, ತಾವು ಆಡುವರು. ಇವಳು ನೋಡುತ್ತಾ ಕೂರುವಳು. ಶಾಲೆಯ ಮಿಸ್ ಸಿಕ್ಕಾಗಲೆಲ್ಲ ನಗುತ್ತಾ, "ತುಂಬಾ ಒಳ್ಳೆ ಹುಡುಗಿ, ಸದ್ದೇ ಇಲ್ಲ" ಎನ್ನುವರು. ಡಾಕ್ಟರು, ತಾನಾಗಿ ಮಾತಾಡುತ್ತಾಳೆ, ಒತ್ತಾಯ ಮಾಡಬೇಡಿ ಎಂದಿದ್ದರು. ತಾನಾಗಿ ಎಂದರೆ ಯಾವಾಗ ಎಂದು ಕೇಳಿದ್ದಕ್ಕೆ ಅವರೂ ನಕ್ಕರು. ಈ ಊರಿನಲ್ಲಿ ಎಲ್ಲರೂ ಬಹಳ ಚೆನ್ನಾಗಿ ನಗುತ್ತಾರೆ.

ಹಾಗಾಗಿ ನನಗೆ ಬೇಕಾಗಿದ್ದದ್ದು ದೊಡ್ಡ ಮೈದಾನವೂ ಅಲ್ಲ, ಈಜುಕೊಳವೂ ಅಲ್ಲ. ನನ್ನ ಮಗಳು ನಾಲ್ಕು ಜನರ ಮುಂದೆ ಬಾಯಿ ಬಿಡಬೇಕು. ಅದು ಎಲ್ಲಿ ಸಾಧ್ಯವೋ ಅಲ್ಲಿ ನಮ್ಮ ಮನೆ.

ಸಲಹೆಗಳಿಗೆ ಬರವಿರಲಿಲ್ಲ. ಕನ್ನಡದವರು ಸೇರಿದ ಕಡೆಯೆಲ್ಲ ಅದೇ ಮಾತು. ಕಸ್ಬಾದಲ್ಲಿದ್ದ ಮಂಗಳೂರು ಕಡೆಯ ಗೆಳತಿ, "ನೀವು ಇಲ್ಲಿಗೆ ಬನ್ನಿ ಮಾರಾಯ್ರೆ. ಮಾಲ್ ಉಂಟು, ಸ್ಕೂಲ್ ಉಂಟು, ಒಳ್ಳೆ ಮೀನು ಸಹ ಉಂಟು. ಮತ್ತೆಂತ ಬೇಕು ನಿಮಗೆ?" ಎಂದರು. ನಾವು ಮೀನು ತಿನ್ನುವುದಿಲ್ಲ ಎಂದರೆ ಕನಿಕರದಿಂದ ನೋಡಿದರು. ಸಾಲ್ಟ್ ಲೇಕಿನಲ್ಲಿದ್ದ ಧಾರವಾಡದ ಪ್ರೊಫೆಸರರಂತೂ, "ಸಾಲ್ಟ್ ಲೇಕ್ ಬಿಟ್ಟು ಬ್ಯಾರೆ ಕಡೆ ಕಣ್ಣೆತ್ತಿ ಸೈತ ನೋಡಬ್ಯಾಡ್ರಿ. ರಸ್ತಾ ನೋಡ್ರಿ ಹೆಂಗ ಅದಾವು! ನಮ್ಮ ಮೊಮ್ಮಗಳು ಹೋಗೂ ಸಾಲ್ಯಾಗ ಕನ್ನಡದ ಹುಡುಗೂರು ಇಬ್ಬರು ಅದಾರ" ಎಂದು ನನ್ನ ದುರ್ಬಲ ಜಾಗಕ್ಕೇ ಕೈ ಹಾಕಿದರು.

ಆ ಶಾಲೆಯ ಗೇಟಿನ ಮುಂದೆಯೂ ನಿಂತು ನೋಡಿದೆ. ಮಕ್ಕಳು ಸಾಲಾಗಿ ಬಂದರು. ಗೇಟು ತೆರೆದವನಿಗೆ ಒಬ್ಬೊಬ್ಬರಾಗಿ ಥ್ಯಾಂಕ್ಯೂ ಹೇಳಿದರು. ಯಾರೂ ಯಾರನ್ನೂ ತಳ್ಳಲಿಲ್ಲ. ಇಂಥ ಕಡೆ ನನ್ನ ಮಗಳನ್ನು ಯಾರೂ ಹೆದರಿಸುವುದಿಲ್ಲ, ಕನ್ನಡದ ಜೊತೆಯೂ ಇದೆ, ಇಲ್ಲಿ ಬಾಯಿ ಬಿಟ್ಟೇ ಬಿಡುತ್ತಾಳೆ ಎನಿಸಿತು. ಸೀಟೂ ಸಿಕ್ಕಿತು. ಇಲ್ಲಿಯವರು ವಸಂತ ಪಂಚಮಿಗೆ ಮಾಡುವ ಸರಸ್ವತಿ ಪೂಜೆಯ ಮರುದಿನದೊಳಗೆ ನಮ್ಮ ಕೊನೆಯ ಮಾತು ಹೇಳಬೇಕು ಎಂದರು. ಹತ್ತಿರದಲ್ಲೇ ಮನೆ ನೋಡಿದೆವು. ಎದುರಿಗೆ ಪಾರ್ಕು, ಪಾರ್ಕಿನಲ್ಲಿ ಉಯ್ಯಾಲೆ. ಮೆಟ್ರೋದಲ್ಲಿ ನಿಂತು ಹೋಗಿ, ನಡುವೆ ಗಾಡಿ ಬದಲಾಯಿಸಿ, ಮತ್ತೆ ನಿಂತು ಹೋಗುತ್ತಿದ್ದ ನನ್ನ ಗಂಡನಿಗೆ ಅಲ್ಲಿಂದ ಆಫೀಸಿಗೆ ನಡೆದೇ ಹೋಗಬಹುದಿತ್ತು. ಆ ಮನೆಯ ಬಾಲ್ಕನಿಯಲ್ಲಿ ನಿಂತು ಅವರು ಬಿಟ್ಟ ನಿಟ್ಟುಸಿರು ನನಗೆ ಇನ್ನೂ ನೆನಪಿದೆ. ಮನುಷ್ಯ ಅಷ್ಟು ಸುಖವಾಗಿ ಉಸಿರು ಬಿಟ್ಟದ್ದನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ.

ಅಷ್ಟರಲ್ಲಿ ಸಂಕ್ರಾಂತಿ ಬಂತು.

ನಮ್ಮ ಮನೆಯ ಪದ್ಧತಿಯಂತೆ ಮಗುವಿಗೆ ಐದು ವರ್ಷವಾಗುವವರೆಗೆ ಸಂಕ್ರಾಂತಿಯ ಸಂಜೆ ಹಣ್ಣೆರೆಯಬೇಕು. ಎಲಚಿ ಹಣ್ಣು, ಕಬ್ಬಿನ ಚೂರು, ಎಳ್ಳು-ಬೆಲ್ಲ, ಒಂದಿಷ್ಟು ಚಿಲ್ಲರೆ ಕಾಸು ಎಲ್ಲವನ್ನೂ ಸೇರಿಸಿ ಮಗುವಿನ ತಲೆಯ ಮೇಲಿಂದ ಸುರಿಯುವುದು. ದೃಷ್ಟಿಯೆಲ್ಲ ಇಳಿದು ಹೋಗಲಿ ಎಂದು. ಕೆಳಗೆ ಬಿದ್ದದ್ದನ್ನು ಬೀದಿಯ ಮಕ್ಕಳೆಲ್ಲ ನುಗ್ಗಿ ಆರಿಸಿಕೊಂಡು ತಿನ್ನಬೇಕು. ಮಗಳಿಗೆ ಇದು ಕೊನೆಯ ಸಲ. ಗಲ್ಲಿಯನ್ನು ಬಿಟ್ಟು ಹೋಗುವ ಮುಂಚೆ ಮಕ್ಕಳಿಗೆಲ್ಲ ಒಂದು ಸಂತೋಷಕೂಟವೂ ಆಗಲಿ, ಬಾಯಿ ಸಿಹಿಯಾದರೆ ಇವಳ ನಾಲಿಗೆಯೂ ಸಡಿಲವಾದೀತು ಎಂದು ಎಲ್ಲರನ್ನೂ ಕರೆದೆ.

ಹಣ್ಣು ತರಲು ಬಜಾರಿಗೆ ಹೋದಾಗ ಮಾರುವವನು, "ಪೂಜೆ ಆಗಲಿ ದೀದಿ, ಆಮೇಲೆ ಬನ್ನಿ, ಇನ್ನೂ ಒಳ್ಳೇದು ಬರುತ್ತೆ" ಎಂದು ಹಿಂದಿಯಲ್ಲಿ ಹೇಳಿದ. ಮಾರಲು ಕೂತವನು ಬೇಡ ಎಂದರೆ ನನಗೆ ಹಟ ಹೆಚ್ಚು. ನನ್ನ ಹಬ್ಬ ಯಾವತ್ತು ಎಂದು ಇವನೇನು ಹೇಳುವುದು ಎಂದು ಇದ್ದಷ್ಟನ್ನೂ ತುಂಬಿಸಿಕೊಂಡು ಬಂದೆ.

ಸಂಜೆ ಮಕ್ಕಳು ಬಂದು ಗೋಡೆಗೆ ಒರಗಿ ಕೂತರು. ಗಲ್ಲಿಯ ನಾಯಕಿಯೆಂದರೆ ಹತ್ತು ವರ್ಷದ, ದುಂಡು ಕನ್ನಡಕದ ಒಬ್ಬ ಹುಡುಗಿ. ಅವಳು ಕೂತ ಮೇಲೆಯೇ ಉಳಿದವರು ಕೂತದ್ದು. ಮಗಳು ರೇಷ್ಮೆ ಲಂಗ ಉಟ್ಟು ಮಣೆಯ ಮೇಲೆ ಗಂಭೀರವಾಗಿ ಕುಳಿತಿದ್ದಳು. ಆರತಿ ಎತ್ತಿ, ಸೇರಿನಲ್ಲಿ ತುಂಬಿ ತಲೆಯ ಮೇಲಿಂದ ಸುರಿದೆ. ಹಣ್ಣುಗಳು ಪಟಪಟನೆ ಬಿದ್ದು ಕೋಣೆಯ ತುಂಬ ಉರುಳಿದವು. ಈಗ ನುಗ್ಗುತ್ತಾರೆ ಎಂದು ನಾನು ಆರತಿ ತಟ್ಟೆಯನ್ನು ಪಕ್ಕಕ್ಕೆ ಹಿಡಿದೆ.

ಒಬ್ಬರೂ ಅಲ್ಲಾಡಲಿಲ್ಲ. ಎಲ್ಲರೂ ಕಾಲನ್ನು ಮಡಿಚಿ ಒಳಗೆಳೆದುಕೊಂಡರು, ಇರುವೆ ಬಂದರೆ ಎಳೆದುಕೊಳ್ಳುವ ಹಾಗೆ. ಕೆಲವರು ಕಾಸನ್ನು ಮಾತ್ರ ಎರಡು ಬೆರಳಲ್ಲಿ ಎತ್ತಿಕೊಂಡರು. ಸಂಕೋಚವಿರಬೇಕು ಎಂದುಕೊಂಡ ನಾನು ಒಳ್ಳೆಯ ಹಣ್ಣೊಂದನ್ನು ಆರಿಸಿ ಒರೆಸಿ, ಎಲ್ಲರಿಗಿಂತ ಚಿಕ್ಕವನ ಬಾಯಿಗೆ ಇಟ್ಟೇಬಿಟ್ಟೆ. ಅವನು ಒಂದು ಸಲ ಜಗಿದನೋ ಇಲ್ಲವೋ, ಕನ್ನಡಕದ ಹುಡುಗಿ ಹಾರಿ ಬಂದು ಅವನ ಬಾಯಿಗೆ ಬೆರಳು ಹಾಕಿ ಹಣ್ಣನ್ನು ಹೊರಗೆ ತೆಗೆದಳು. ಆಮೇಲೆ ನನ್ನ ಕಡೆ ತಿರುಗಿ, ನನಗೆ ತಿಳಿಯಲಿ ಎಂದು ಹಿಂದಿಯಲ್ಲಿ, "ಆಂಟಿ, ಸರಸ್ವತಿ ಪೂಜೆಗೆ ಮುಂಚೆ ಕುಲ್ ತಿಂದರೆ ಪರೀಕ್ಷೆಯಲ್ಲಿ ಫೇಲ್!" ಎಂದಳು. ಎಲಚಿ ಹಣ್ಣಿಗೆ ಇವರು ಕುಲ್ ಎನ್ನುತ್ತಾರೆ. ಮೊದಲು ಸರಸ್ವತಿಗೆ ನೈವೇದ್ಯವಾಗಬೇಕು, ಆಮೇಲಷ್ಟೇ ಓದುವ ಮಕ್ಕಳು ಮುಟ್ಟಬಹುದು. ಬಂಗಾಳದಲ್ಲಿ ಕೂಸುಗಳಿಗೂ ಗೊತ್ತಿರುವ ಈ ವಿಷಯ ಭೌತಶಾಸ್ತ್ರದ ಅಧ್ಯಾಪಕಿಗೆ ಗೊತ್ತಿರಲಿಲ್ಲ.

ಅಷ್ಟು ಹೊತ್ತಿಗೆ ಎಲ್ಲರ ಕಣ್ಣೂ ಮಣೆಯ ಕಡೆ ಹೋಯಿತು. ಅಲ್ಲಿ ನನ್ನ ಮಗಳು ಎರಡೂ ಕೆನ್ನೆ ಉಬ್ಬಿಸಿಕೊಂಡು ಜಗಿಯುತ್ತಿದ್ದಳು. ಮಡಿಲಲ್ಲಿ ಆಗಲೇ ಬೀಜಗಳಿದ್ದವು. ಮಕ್ಕಳು ಒಟ್ಟಿಗೆ ಉಸಿರೆಳೆದುಕೊಂಡು ಎದ್ದರು, ಚಪ್ಪಲಿ ಹುಡುಕಿಕೊಂಡು ಇಳಿದು ಹೋದರು. ಎಳ್ಳು-ಬೆಲ್ಲದ ಪೊಟ್ಟಣಗಳನ್ನು ಮಾತ್ರ ಒಬ್ಬರೂ ಮರೆಯಲಿಲ್ಲ.

"ಅಮ್ಮಾ, ನಾನು ಫೇಲಾ?" ಎಂದಳು ಮಗಳು.

ಮರುದಿನ ಶಾಲೆಯಿಂದ ಬಂದವಳ ಮುಖ ಊದಿಕೊಂಡಿತ್ತು. ಸುದ್ದಿ ತರಗತಿಗೆಲ್ಲ ಮುಟ್ಟಿತ್ತಂತೆ. ಊಟ ಬೇಡ ಎಂದಳು. ಮನೆಯೊಳಗೂ ಮಾತಿಲ್ಲ. ನನಗೆ ಭಯವಾಯಿತು. ಉಳಿದಿದ್ದ ಅಷ್ಟು ಮಾತನ್ನೂ ನಾನೇ ನುಂಗಿಬಿಟ್ಟೆನೇ ಎನಿಸಿತು. ನನ್ನ ಭಯ ಬಹಳ ಹೊತ್ತು ಭಯವಾಗಿ ಉಳಿಯುವುದಿಲ್ಲ, ಬೇಗ ಕೋಪವಾಗುತ್ತದೆ. ಒಂದು ಹಣ್ಣಿಗೆ ಮಗುವನ್ನು ಹೀಗೆ ಅಳಿಸುವ ಗಲ್ಲಿಯಲ್ಲಿ ಇನ್ನೊಂದು ದಿನವೂ ಹೆಚ್ಚಿಗೆ ಇರುವುದಿಲ್ಲ ಎಂದು ಗಂಡನಿಗೆ ಫೋನಿನಲ್ಲಿ ಕೂಗಿ ಹೇಳಿದೆ. ಅವರು ಸಂತೋಷವನ್ನು ಮುಚ್ಚಿಟ್ಟುಕೊಂಡು, "ಆಯ್ತು, ನೀನು ಹೇಳಿದ ಹಾಗೇ ಆಗ್ಲಿ" ಎಂದರು. ಮಗಳು ಕೋಣೆಯಲ್ಲಿ ಮಲಗಿರಬೇಕು ಎಂದುಕೊಂಡು, ಮನೆ ಖಾಲಿ ಮಾಡುತ್ತೇವೆ ಎಂದು ಓನರಮ್ಮನಿಗೆ ಹೇಳಲು ಸಂಜೆ ದಡದಡನೆ ಮೆಟ್ಟಿಲಿಳಿದೆ.

ಓನರಮ್ಮ ಕೆಳಗಡೆ ಮನೆಯಲ್ಲೇ ಇದ್ದರು. ಹಿಂದೆ ಸ್ಕೂಲ್ ಟೀಚರಾಗಿದ್ದವರು. ಗಲ್ಲಿಗೆಲ್ಲ ಮಾಸಿಮಾ, ಅಂದರೆ ಚಿಕ್ಕಮ್ಮ. ಅವರು ಚಹಾದ ಕಪ್ಪು ಹಿಡಿದು ಮುಂಬಾಗಿಲಿನ ಹಿಂದೆ ಬಚ್ಚಿಟ್ಟುಕೊಂಡು ನಿಂತಿದ್ದರು. ನನ್ನನ್ನು ಕಂಡೊಡನೆ ತುಟಿಯ ಮೇಲೆ ಬೆರಳಿಟ್ಟು, ಹತ್ತಿರ ಬಾ ಎಂದು ಸನ್ನೆ ಮಾಡಿದರು.

ಹೊರಗೆ ಜಗಲಿಯ ಹತ್ತಿರ ದೊಡ್ಡ ಜಗಳ ನಡೆಯುತ್ತಿತ್ತು. ಬಂಗಾಳಿಯಲ್ಲಿ ಒಂದು ಹುಡುಗಿ ಗಂಟಲು ಹರಿಯುವಂತೆ ಕೂಗುತ್ತಿದ್ದಳು. ಯಾರ ಮನೆಯ ಗಯ್ಯಾಳಿ ಇದು ಎಂದು ಬಾಗಿಲ ಸಂದಿಯಿಂದ ಇಣುಕಿದೆ. ಜಗಲಿಯ ಮೇಲೆ ಸೊಂಟಕ್ಕೆ ಕೈ ಕೊಟ್ಟು ನಿಂತು, ಕೆಳಗೆ ನಿಂತ ಇಡೀ ಸೈನ್ಯಕ್ಕೆ ಬೆರಳು ತೋರಿಸುತ್ತಿದ್ದವಳು ನನ್ನ ಮಗಳು. ನಾನು ಅಂಗಡಿಯಲ್ಲಿ ಉಪ್ಪು ಕೇಳಲು ತಡವರಿಸುವ ಭಾಷೆಯನ್ನು ಅವಳು ಹುಟ್ಟಿದಾರಭ್ಯ ಆಡಿದವಳಂತೆ ಆಡುತ್ತಿದ್ದಳು. ಜಗಲಿಯ ಮೇಲೆ ಸುಮ್ಮನೆ ಕೂತಿದ್ದ ಅಷ್ಟು ತಿಂಗಳೂ ಈ ಹುಡುಗಿ ಮಾಡಿದ್ದು ಇದನ್ನೇ! ಮಾಸಿಮಾ ನನ್ನ ತೋಳು ಹಿಡಿದುಕೊಂಡು ಕಿವಿಯಲ್ಲಿ ಪಿಸುಪಿಸು ಹಿಂದಿಯಲ್ಲಿ ಅದರ ಅರ್ಥ ಹೇಳತೊಡಗಿದರು.

"ಆಮಾದೇರ್ ಸರಸ್ವತಿ ಆಗೇ ಏಶೇ ಗೇಛೇ!" ಎನ್ನುತ್ತಿದ್ದಳು ಮಗಳು. ನಮ್ಮ ಸರಸ್ವತಿ ಆಗಲೇ ಬಂದು ಹೋಗಿ ಆಯಿತು! ದಸರಾ ರಜೆಗೆ ಮೈಸೂರಿಗೆ ಹೋಗಿದ್ದಾಗ ಅಜ್ಜಿ ಸರಸ್ವತಿಯನ್ನು ಕೂರಿಸಿದ್ದರು. ನನ್ನ ಪುಸ್ತಕ, ಪೆನ್ಸಿಲು, ರಬ್ಬರು ಎಲ್ಲವನ್ನೂ ಪೂಜೆಗೆ ಇಟ್ಟಿದ್ದರು. ನನ್ನ ಪೂಜೆ ಮುಗಿದಿದೆ, ನಾನು ಏನು ಬೇಕಾದರೂ ತಿನ್ನಬಹುದು ಎಂಬುದು ಅವಳ ವಾದ.

ಕನ್ನಡಕದ ಹುಡುಗಿ ಸೋಲುವವಳಲ್ಲ. ದಸರಾದಲ್ಲಿ ಬರುವುದು ದುರ್ಗೆ. ಸರಸ್ವತಿ ದುರ್ಗೆಯ ಮಗಳು, ಆಗ ಅಮ್ಮನ ಜೊತೆ ರಜೆಗೆ ಬಂದಿರುತ್ತಾಳೆ, ಪಕ್ಕದಲ್ಲಿ ಸುಮ್ಮನೆ ನಿಂತಿರುತ್ತಾಳೆ. ರಜೆಯಲ್ಲಿ ಅವಳು ಪುಸ್ತಕ ಗಿಸ್ತಕ ನೋಡುವುದಿಲ್ಲ. ಅದು ಲೆಕ್ಕಕ್ಕಿಲ್ಲ!

"ನಮ್ಮನೆಗೆ ಅಮ್ಮನ ಜೊತೆ ಬಂದಿರಲಿಲ್ಲ. ಒಬ್ಬಳೇ ಬಂದಿದ್ದಳು. ವೀಣೆ ತಂದಿದ್ದಳು. ರಜೆಗೆ ಬರುವವರು ವೀಣೆ ತರುತ್ತಾರಾ?"

ಸೈನ್ಯದಲ್ಲಿ ಗುಸುಗುಸು ಎದ್ದಿತು. ವೀಣೆಯ ವಾದ ಬಲವಾಗಿತ್ತು. ಕನ್ನಡಕದ ಹುಡುಗಿ ಸ್ವಲ್ಪ ಹೊತ್ತು ಯೋಚಿಸಿ, ಸರಿ, ನೀನು ಪಾಸು, ಆದರೆ ನಾವು ಪೂಜೆಯವರೆಗೂ ಮುಟ್ಟುವುದಿಲ್ಲ ಎಂದು ತೀರ್ಪು ಕೊಟ್ಟಳು. ಆಗ ಹಿಂದಿನಿಂದ ಒಂದು ಸಣ್ಣ ಅಳು ಕೇಳಿತು. ನಿನ್ನೆ ನಾನು ಬಾಯಿಗಿಟ್ಟ ಹಣ್ಣನ್ನು ಅರ್ಧ ಜಗಿದಿದ್ದ ಚಿಕ್ಕವನು. ಅವನ ಗತಿಯೇನು? ನನ್ನ ಮಗಳು ಕ್ಷಣವೂ ತಡಮಾಡಲಿಲ್ಲ. "ಅವನು ತಿನ್ನಲಿಲ್ಲ, ನನ್ನ ಅಮ್ಮ ತಿನ್ನಿಸಿದ್ದು. ಫೇಲ್ ಆದರೆ ಅಮ್ಮನೇ ಆಗುತ್ತಾಳೆ."

ಇದು ಎಲ್ಲರಿಗೂ ಒಪ್ಪಿಗೆಯಾಯಿತು. ಮಾಸಿಮಾ ಇನ್ನು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಕ್ಕರು, ಚಹಾ ನನ್ನ ಕುರ್ತಾದ ಮೇಲೆ ಚೆಲ್ಲಿತು. "ಇಷ್ಟು ವರ್ಷ ಪಾಠ ಮಾಡಿದೀನಿ, ಪೂಜೆಗೆ ಮುಂಚೆ ಕದ್ದು ಕುಲ್ ತಿನ್ನದ ಮಗುವನ್ನು ನಾನು ನೋಡೇ ಇಲ್ಲ. ಈ ಕನ್ನಡಕದವಳೂ ತಿಂದಿರ್ತಾಳೆ, ನೋಡಿ ಬೇಕಾದ್ರೆ" ಎಂದು ಕಣ್ಣೊರೆಸಿಕೊಂಡು, "ನೀವು ಏನೋ ಹೇಳೋಕೆ ಬಂದ್ರಲ್ಲ?" ಎಂದು ಕೇಳಿದರು. ನನಗೂ ಕಣ್ಣಲ್ಲಿ ನೀರು ಬಂದಿತ್ತು, ಆದರೆ ನಗುವಿನಿಂದಲ್ಲ. ಏನಿಲ್ಲ, ಸುಮ್ಮನೆ ಬಂದೆ ಎಂದೆ.

ಆದರೂ ಒಂದು ಜಗಳವನ್ನು ನೆಚ್ಚಿಕೊಂಡು ಊರು ಆರಿಸುವುದು ಹೇಗೆ? ನನ್ನ ಗಂಡ ಅದನ್ನೇ ಕೇಳಿದರು. "ಮಾತಾಡೋಕೆ ಶುರು ಮಾಡಿದ್ಳಲ್ಲ, ಇನ್ನು ಎಲ್ಲಿ ಬೇಕಾದ್ರೂ ಮಾತಾಡ್ತಾಳೆ ಬಿಡು. ಅಲ್ಲಿ ಪಾರ್ಕಿದೆ, ಉಯ್ಯಾಲೆ ಇದೆ" ಎಂದರು. ನಡೆದೇ ಹೋಗಬಹುದಾದ ಆಫೀಸಿನ ಹೆಸರೆತ್ತಲಿಲ್ಲ, ಮರ್ಯಾದಸ್ಥರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅಳತೆ ಮಾಡಿ ನೋಡಿದರೆ ಸಾಲ್ಟ್ ಲೇಕಿನ ಶಾಲೆ ಎಲ್ಲದರಲ್ಲೂ ಮುಂದೆ. ಇಬ್ಬರೂ ಪೂಜೆಯವರೆಗೆ ಆ ವಿಷಯವನ್ನು ಮುಟ್ಟದೆ ಉಳಿದೆವು.

ಪೂಜೆಯ ಬೆಳಿಗ್ಗೆ ಗಲ್ಲಿಯ ತುಂಬ ಹಳದಿ ಬಟ್ಟೆ. ಮಕ್ಕಳು ಪುಟ್ಟ ಚಪ್ಪರ ಹಾಕಿ, ಸರಸ್ವತಿಯನ್ನು ಕೂರಿಸಿ, ಕಾಲ ಬಳಿ ಪುಸ್ತಕಗಳನ್ನು ಒಟ್ಟಿದ್ದರು. ಅವತ್ತು ಒಂದಕ್ಷರವನ್ನೂ ಓದಬಾರದು ಎಂಬ ನಿಯಮವನ್ನು ಅವರು ಬಹಳ ಭಕ್ತಿಯಿಂದ ಪಾಲಿಸುತ್ತಿದ್ದರು. ಕನ್ನಡಕದ ಹುಡುಗಿ ಮೇಲೆ ಬಂದು, "ಆಂಟಿ, ನಿಮ್ಮ ಪುಸ್ತಕಾನೂ ಇಡಿ, ನಿಮಗೆ ಅಪಾಯ ಇದೆ" ಎಂದು ಎಚ್ಚರಿಕೆ ಕೊಟ್ಟಳು. ನಾನು ಪಾಠ ಮಾಡುವ ದಪ್ಪ ಪುಸ್ತಕವನ್ನು ಒಯ್ದು, ಒಂದನೇ ತರಗತಿಯ ಮಗ್ಗಿ ಪುಸ್ತಕದ ಮೇಲೆ ಇಟ್ಟು ಕೈ ಮುಗಿದೆ. ಪೂಜೆಯಾದ ಮೇಲೆ ಬುಟ್ಟಿಗಟ್ಟಲೆ ಕುಲ್ ಬಂತು. ಅವತ್ತು ನುಗ್ಗಿದರು ನೋಡಿ, ನಮ್ಮ ಮೈಸೂರಿನ ಮಕ್ಕಳು ಕೂಡ ನಾಚಬೇಕು. ನುಗ್ಗಿದವರ ನಡುವೆ ನನ್ನ ಮಗಳೂ ಇದ್ದಳು. ಯಾರೋ ಅವಳ ಜಡೆ ಎಳೆದರು, ಅವಳು ಯಾರದೋ ಕಾಲು ತುಳಿದಳು.

ಬೊಗಸೆ ತುಂಬ ಹಣ್ಣು ತಂದು ನಮ್ಮಿಬ್ಬರ ನಡುವೆ ಕೂತು ಅವಳು ತಿನ್ನತೊಡಗಿದಾಗ, ಇಷ್ಟು ದಿನ ಕೇಳಬಾರದೆಂದು ತಡೆದುಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ಪುಟ್ಟಿ, ಬಂಗಾಳಿ ಇಷ್ಟು ಚೆನ್ನಾಗಿ ಬರುತ್ತಲ್ಲ, ಮತ್ತೆ ಯಾಕೆ ಯಾರ ಹತ್ರಾನೂ ಮಾತಾಡ್ತಿರ್ಲಿಲ್ಲ ನೀನು?"

ಬೀಜ ಉಗಿದು ಅವಳು ಹೇಳಿದಳು: "ಎಲ್ಲಾರೂ ನಂಗೆ ಚಾಕ್ಲೇಟ್ ಕೊಡ್ತಿದ್ರು. ಕೂತ್ಕೋ, ಕೂತ್ಕೋ ಅಂತಿದ್ರು. ಯಾರೂ ಜಗಳಾನೇ ಆಡ್ತಿರ್ಲಿಲ್ಲ ಅಮ್ಮ."

ಅಷ್ಟರಲ್ಲಿ ಚಪ್ಪರದ ಹತ್ತಿರ ಯಾರೋ ಯಾರದೋ ಪಾಲು ಕಸಿದ ಗಲಾಟೆ ಎದ್ದಿತು. ಇವಳು ಉಳಿದ ಹಣ್ಣನ್ನು ನನ್ನ ಕೈಗೆ ಸುರಿದು, ನ್ಯಾಯ ಹೇಳಲು ಓಡಿದಳು.

ನಾನು ಆ ಚಳಿಗಾಲವೆಲ್ಲ ಗೇಟುಗಳ ಮುಂದೆ ನಿಂತು, ನನ್ನ ಮಗಳೊಡನೆ ಯಾರೂ ಜಗಳವಾಡದ ಜಾಗವನ್ನು ಹುಡುಕುತ್ತಿದ್ದೆ. ನನ್ನ ಗಂಡ ಹಣ್ಣಿನ ಬೀಜವನ್ನು ಬಹಳ ಹೊತ್ತು ಬಾಯಲ್ಲಿ ಹೊರಳಿಸಿದರು. ಆಮೇಲೆ, "ನಾಳೆಯಿಂದ ಮೆಟ್ರೋದಲ್ಲಿ ಓದೋಕೆ ಒಂದು ದಪ್ಪ ಪುಸ್ತಕ ಹುಡುಕಿಕೊಡು" ಎಂದರು. ಅವರ ಮೇಲೆ ನನಗೆ ಅಷ್ಟು ಪ್ರೀತಿ ಬಂದದ್ದು ಬಹಳ ದಿನಗಳ ಮೇಲೆ.

ಮರುದಿನ ಬೆಳಿಗ್ಗೆ ಸಾಲ್ಟ್ ಲೇಕಿನ ಶಾಲೆಗೆ ಫೋನ್ ಮಾಡಿ, ನಮ್ಮ ಸೀಟನ್ನು ಬೇರೆ ಮಗುವಿಗೆ ಕೊಡಿ ಎಂದೆ. ಕಾರಣವೇನೆಂದು ಆಫೀಸಿನ ಹೆಂಗಸು ಮೃದುವಾಗಿ ಕೇಳಿದರು. "ನನ್ನ ಮಗಳಿಗೆ ಇಲ್ಲಿ ಜಗಳಗಳಿವೆ, ಬಿಟ್ಟು ಬರೋಕಾಗಲ್ಲ" ಎಂದೆ. ಅವರು ದೇವರು ಒಳ್ಳೆಯದು ಮಾಡಲಿ ಎಂದು ಫೋನಿಟ್ಟರು.